ಫೊ ತಾಮ್: ಹೆಸರು ಅದಲುಬದಲಾದ ಲಾವೊ ಅಕ್ಷರ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರು ಒಂದು ಸಣ್ಣ ಆಟ ಆಡಿ ನೋಡಬಹುದು. ಕಂಪ್ಯೂಟರಿಗಾಗಿ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಹೆಸರು ಕೊಟ್ಟಿರುವ ಪಟ್ಟಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ 3741ನೇ ಅಕ್ಷರದ ಹೆಸರೇನು ಅಂತ ಕೇಳಿ. ‘ಲಾವೊ ಲೆಟರ್ ಫೊ ತಾಮ್’ ಅಂತ ಉತ್ತರ ಬರುತ್ತದೆ. ಲಾವೋಸ್ ದೇಶದ ಭಾಷೆಯಾದ ಲಾವೊ ಕಲಿತ ಮಗು ಇದನ್ನು ನೋಡಿದರೆ ತಪ್ಪು ಅನ್ನುತ್ತದೆ. ಆ ಅಕ್ಷರ ಫೊ ಸುಂಗ್. ಫೊ ತಾಮ್ ಇರುವುದು ಎರಡು ಮನೆ ಆಚೆ, 3743ರಲ್ಲಿ. ಅಲ್ಲಿ ಹೋಗಿ ಕೇಳಿದರೆ ಅದರ ಹೆಸರು ‘ಫೊ ಸುಂಗ್’ ಅಂತೆ!

ಲಾವೊ ಭಾಷೆಯಲ್ಲಿ ‘ತಾಮ್’ ಅಂದರೆ ಕೆಳಗಿನದು, ‘ಸುಂಗ್’ ಅಂದರೆ ಎತ್ತರದ್ದು. ‘ಫ್ಯಾನ್’ ಅನ್ನುವಾಗ ಬರುವ ಫಕಾರಕ್ಕೆ ಅವರಲ್ಲಿ ಎರಡು ಅಕ್ಷರಗಳಿವೆ. ಒಂದೇ ಸದ್ದಿಗೆ ಎರಡು ಯಾಕೆ? ಅದು ದನಿಯ ಏರಿಳಿತದ ಮೇಲೆ ಅರ್ಥ ಬದಲಾಗುವ ಭಾಷೆ. ಅದರ ವ್ಯಂಜನಗಳನ್ನು ಎತ್ತರ, ನಡು, ಕೆಳಗು ಅಂತ ಮೂರು ಗುಂಪು ಮಾಡಿದ್ದಾರೆ. ಪದವನ್ನು ಯಾವ ದನಿಯಲ್ಲಿ ಹೇಳಬೇಕು ಅನ್ನುವುದಕ್ಕೆ ಈ ಗುಂಪು ನೋಡಲೇಬೇಕು. ಹಾಗಾಗಿ ಹೆಸರಿನಲ್ಲಿ ಎತ್ತರ-ಕೆಳಗು ಅದಲುಬದಲಾದರೆ ಅದು ಸುಮ್ನೆ ಕಾಗುಣಿತದ ತಪ್ಪಲ್ಲ, ಅಕ್ಷರದ ಗುಣವನ್ನೇ ತಪ್ಪಾಗಿ ಹೇಳಿದ ಹಾಗೆ.

ಹಾಗಿದ್ದರೆ ತಿದ್ದಬಹುದಲ್ವಾ? ಆಗುವುದಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಯಾವತ್ತೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ. 1996ರ 2.0 ಆವೃತ್ತಿಯಿಂದ ಅದು ಜಾರಿಯಲ್ಲಿದೆ. ಹೆಸರು ಹಿಡಿದೇ ಅಕ್ಷರ ಹುಡುಕುವ ಪ್ರೋಗ್ರಾಂಗಳಿರುತ್ತವೆ, ಇವತ್ತು ಹೆಸರು ಬದಲಾದರೆ ನಾಳೆ ಅವು ಕೈಕೊಡುತ್ತವೆ. ಅದಕ್ಕೇ ಒಂದು ಉಪಾಯ ಮಾಡಿದ್ದಾರೆ: ಹಳೆಯ ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಅಧಿಕೃತವಾಗಿ ಇನ್ನೊಂದು ಹೆಸರು. 3741ಕ್ಕೆ ‘ಫೊ ಫೊನ್’, 3743ಕ್ಕೆ ‘ಫೊ ಫಾಯ್’. ನಮ್ಮ ಮಕ್ಕಳು ‘ಅ ಅರಸ, ಆ ಆನೆ’ ಅಂತ ಕಲಿಯುತ್ತಾರಲ್ಲ, ಇದೂ ಅದೇ ಥರ. ಫೊನ್ ಅಂದರೆ ಮಳೆ, ಫಾಯ್ ಅಂದರೆ ಬೆಂಕಿ. ನೆಟ್ಟಗೆ ಸುಂಗ್, ತಾಮ್ ಅಂತಲೇ ಇಡಬಹುದಿತ್ತಲ್ಲ ಅಂದರೆ, ಅವೆರಡೂ ಆಗಲೇ ತಪ್ಪು ವಿಳಾಸದಲ್ಲಿ ಕೂತಿವೆ. ಒಂದು ಹೆಸರು ಇಬ್ಬರಿಗೆ ಸಿಗುವುದಿಲ್ಲ. ಲಾವೊ ಲಿಪಿಯಲ್ಲೇ 3747 ಮತ್ತು 3749ರ ಜೋಡಿಗೂ ಇದೇ ಗತಿಯಾಗಿದೆ. ಅಲ್ಲಿ ಹೆಸರು ಬದಲಾಯಿಸಿಕೊಂಡಿದ್ದು ರ ಮತ್ತು ಲ.

ಲಾವೋಸ್‌ನಲ್ಲಿ ಮೊಬೈಲ್ ಹಿಡಿದು ಮೆಸೇಜ್ ಕಳಿಸುವವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಕೀಲಿ ಒತ್ತಿದಾಗ ಹೋಗುವುದು ಸಂಖ್ಯೆ, ಹೆಸರಲ್ಲ. ಆ ಸಂಖ್ಯೆಗೆ ಫಾಂಟ್ ಸರಿಯಾದ ಆಕಾರವನ್ನೇ ತೋರಿಸುತ್ತದೆ. ಹೆಸರು ನಂಬಿ ಅಕ್ಷರ ಆರಿಸುವ ಫಾಂಟ್ ತಯಾರಕರು, ಪ್ರೋಗ್ರಾಮರ್‌ಗಳು ಮಾತ್ರ ಹುಷಾರಾಗಿರಬೇಕು.

ಸಂಖ್ಯೆಗಳನ್ನು ಜೋಡಿಸಿದ ರೀತಿ ನನಗೆ ಹೆಸರಿಗಿಂತ ಜಾಸ್ತಿ ಇಷ್ಟ. ಥಾಯ್ ಲಿಪಿಯಲ್ಲಿ ನಮ್ಮ 3741ಕ್ಕೆ ಸಾಟಿಯಾದ ಅಕ್ಷರ 3613. ಅದಕ್ಕೆ 128 ಕೂಡಿಸಿದರೆ ಲಾವೊ ಅಕ್ಷರ. ಥಾಯ್‌ನಲ್ಲಿದ್ದು ಲಾವೊದಲ್ಲಿ ಇಲ್ಲದ ಅಕ್ಷರಗಳ ಜಾಗವನ್ನು ಖಾಲಿ ಬಿಟ್ಟಿದ್ದರು. ಪಾಲಿ ಭಾಷೆ ಬರೆಯಲು ಬೇಕಾದ 15 ಲಾವೊ ಚಿಹ್ನೆಗಳು 2019ರಲ್ಲಿ ಬಂದಾಗ ಅಂಥ ಎಷ್ಟೋ ಖಾಲಿ ಮನೆಗಳು ತುಂಬಿದವು. ಮಜಾ ಏನಂದರೆ ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ಇಲ್ಲೂ ಕಳೆದು ನೋಡಿ, ಅದೇ 128.

ತಪ್ಪು ಹೆಸರಿನ ವಿಷಯದಲ್ಲೂ ನಾವು ನಗುವ ಹಾಗಿಲ್ಲ. ಹಳಗನ್ನಡದ ೞ ಇದೆಯಲ್ಲ, ಅದರ ಸಂಖ್ಯೆ 3294. ಅದರ ಹೆಸರು ಕೇಳಿದರೆ ಪೈಥಾನ್ ‘ಕನ್ನಡ ಲೆಟರ್ ಫಾ’ ಅನ್ನುತ್ತದೆ! ಇದಕ್ಕೂ ಪಕ್ಕದಲ್ಲಿ ಸರಿಯಾದ ಹೆಸರು ಸೇರಿಸಿದ್ದಾರೆ, ಆದರೆ ಮೊದಲ ಹೆಸರು ಹೋಗುವಂತಿಲ್ಲ. ಹೆಸರನ್ನೇ ನಂಬಿ ಯಾರಾದರೂ ಹಳೆಯ ಶಾಸನದ ‘ಕೋೞಿ’ಯನ್ನು ಓದಿದರೆ, ಕೋಳಿ ಹಾರಿಹೋಗಿ ‘ಕೋಫಿ’ ಉಳಿಯುತ್ತದೆ.