ಕುಡ್, ವಾಸ್ ಏಬಲ್ ಟು: ‘ಆಗುತ್ತಿತ್ತು’ ಮತ್ತು ‘ಆಯಿತು’ ಹಿಡಿದು ಕಲಿಯುವ ಬಗೆ

ಇಂಗ್ಲಿಷಿನಲ್ಲಿ ಸಾಮರ್ಥ್ಯ ಹೇಳುವ ಕ್ಯಾನ್, ಏಬಲ್ ಟುಗಳ ವಿಷಯ ಇದು. ವರ್ತಮಾನಕಾಲಕ್ಕೆ ಹೆಚ್ಚು ಹೊತ್ತು ಬೇಡ. ‘ಐ ಕ್ಯಾನ್ ಸ್ವಿಮ್’, ‘ಷಿ ಕ್ಯಾನ್ ಡ್ರೈವ್’. ಕ್ಯಾನ್ ಆದಮೇಲೆ ಟು ಬರುವುದಿಲ್ಲ, ಷಿ ಇದ್ದರೂ ಎಸ್ ಸೇರುವುದಿಲ್ಲ. ‘ಐ ಆಮ್ ಏಬಲ್ ಟು ಸ್ವಿಮ್’ ತಪ್ಪಲ್ಲ, ಆದರೆ ದಿನದ ಮಾತಿಗೆ ಭಾರ.

ತೊಡಕೆಲ್ಲ ಇರುವುದು ಭೂತಕಾಲದಲ್ಲಿ. ಕ್ಯಾನ್‌ನ ಭೂತರೂಪ ಕುಡ್ ಎಂದು ಬಾಯಿಪಾಠ ಮಾಡಿರುತ್ತೇವೆ. ಹಾಗಾಗಿ ‘ನಿನ್ನೆ ಓಡಿಹೋಗಿ ಬಸ್ ಹಿಡಿಯೋಕೆ ಆಯ್ತು’ ಎನ್ನಲು ‘ಐ ಕುಡ್ ಕ್ಯಾಚ್ ದ ಬಸ್ ಯೆಸ್ಟರ್ಡೇ’ ಎಂದು ಬರೆದುಬಿಡುತ್ತೇವೆ. ಇಲ್ಲಿ ಕುಡ್ ಒಗ್ಗುವುದಿಲ್ಲ. ‘ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್’ ಅಥವಾ ‘ಐ ಮ್ಯಾನೇಜ್ಡ್ ಟು ಕ್ಯಾಚ್ ದ ಬಸ್’ ಬೇಕು. ಕಾರಣ ಇಷ್ಟು: ಕುಡ್ ಹೇಳುವುದು ಆ ಕಾಲದಲ್ಲಿ ಒಬ್ಬರಿಗಿದ್ದ ಸಾಮರ್ಥ್ಯವನ್ನು. ಒಂದು ಸಲ, ಒಂದು ಸಂದರ್ಭದಲ್ಲಿ ಕೆಲಸ ಕೈಗೂಡಿತು ಎನ್ನಲು ವಾಸ್ ಏಬಲ್ ಟು.

ಈ ವ್ಯತ್ಯಾಸ ಕನ್ನಡದ ಕ್ರಿಯಾಪದದಲ್ಲೇ ಇದೆ, ಅದನ್ನೇ ಒರೆಗಲ್ಲಾಗಿ ಬಳಸಿ. ‘ಅಜ್ಜನಿಗೆ ಈ ಹೊಳೆ ಈಜಿ ದಾಟೋಕೆ ಆಗುತ್ತಿತ್ತು’ ಎಂದಾಗ ಯಾವ ದಿನ ದಾಟಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬಯಸಿದಾಗ ದಾಟಬಲ್ಲವರಾಗಿದ್ದರು, ಅಷ್ಟೇ. ಅದು ‘ಹಿ ಕುಡ್ ಸ್ವಿಮ್ ಅಕ್ರಾಸ್ ದ ರಿವರ್’. ‘ಆ ದಿನ ನೀರು ಏರಿದ್ದರೂ ಅಜ್ಜನಿಗೆ ದಾಟೋಕೆ ಆಯಿತು’ ಎಂದರೆ ಅಜ್ಜ ಆಚೆ ದಡ ಮುಟ್ಟಿದ್ದಾರೆ. ಅದು ‘ಹಿ ವಾಸ್ ಏಬಲ್ ಟು ಸ್ವಿಮ್ ಅಕ್ರಾಸ್’. ಅದೇ ಅಜ್ಜ, ಅದೇ ಹೊಳೆ, ಬೇರೆ ಕ್ರಿಯಾಪದ. ಬರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ: ‘ಆಗುತ್ತಿತ್ತು’ ಬಂದರೆ ಕುಡ್, ‘ಆಯಿತು’ ಬಂದರೆ ವಾಸ್ ಏಬಲ್ ಟು. ‘ಬರುತ್ತಿತ್ತು’ ಕೂಡ ಕುಡ್ ಕಡೆಗೇ: ‘ಐದು ವರ್ಷಕ್ಕೇ ಅವಳಿಗೆ ಓದೋಕೆ ಬರುತ್ತಿತ್ತು’, ‘ಷಿ ಕುಡ್ ರೀಡ್ ಅಟ್ ಫೈವ್’.

ನಿಷೇಧದಲ್ಲಿ ಈ ಜಗಳವಿಲ್ಲ. ‘ಆಗುತ್ತಿರಲಿಲ್ಲ’, ‘ಆಗಲಿಲ್ಲ’ ಎರಡಕ್ಕೂ ಕುಡಂಟ್ ನಡೆಯುತ್ತದೆ. ಶಕ್ತಿಯೇ ಇರಲಿಲ್ಲವೋ, ಆ ದಿನ ಮಾತ್ರ ಸಾಧ್ಯವಾಗಲಿಲ್ಲವೋ, ಹೇಗಿದ್ದರೂ ಹೊಳೆ ದಾಟಿಲ್ಲ. ‘ಐ ಕುಡ್ ಹಾರ್ಡ್ಲಿ ವಾಕ್’ನಂಥ ಅರೆನಿಷೇಧದ ವಾಕ್ಯಗಳೂ ಇದೇ ಗುಂಪಿಗೆ ಸೇರುತ್ತವೆ.

ಒರೆಗಲ್ಲು ಕೈಕೊಡುವ ಜಾಗವೂ ಒಂದಿದೆ. ಸೀ, ಹಿಯರ್, ಸ್ಮೆಲ್, ಫೀಲ್ ತರಹದ ಇಂದ್ರಿಯದ ಕ್ರಿಯಾಪದಗಳಿಗೆ, ಅಂಡರ್‌ಸ್ಟ್ಯಾಂಡ್, ರಿಮೆಂಬರ್‌ಗಳಿಗೆ ಒಂದೇ ಸಂದರ್ಭವಾದರೂ ಕುಡ್ ಬರುತ್ತದೆ. ‘ದೂರದಲ್ಲಿ ಗುಡುಗು ಕೇಳಿಸುತ್ತಿತ್ತು’: ‘ಐ ಕುಡ್ ಹಿಯರ್ ಥಂಡರ್’. ಇಲ್ಲಿ ಕನ್ನಡಕ್ಕೆ ‘ಆಗು’ ಬೇಕಿಲ್ಲ, ‘ಕೇಳಿಸು’, ‘ಕಾಣಿಸು’ ಎಂದರೆ ಸಾಕು. ಆದ್ದರಿಂದ ಈ ಪಟ್ಟಿಯನ್ನು ಬಾಯಿಪಾಠ ಮಾಡಲೇಬೇಕು.

‘ಬಹುದಿತ್ತು’ ಬಂದರೆ ಕುಡ್ ಹ್ಯಾವ್, ಅದಾದಮೇಲೆ ಕ್ರಿಯಾಪದದ ಮೂರನೇ ರೂಪ. ‘ಗೆಲ್ಲಬಹುದಿತ್ತು’: ‘ವಿ ಕುಡ್ ಹ್ಯಾವ್ ವನ್’. ಶಕ್ತಿ ಇತ್ತು, ಗೆಲ್ಲಲಿಲ್ಲ. ‘ಒಂದು ಮಾತು ಹೇಳಬಹುದಿತ್ತಲ್ಲ’ ಎಂಬ ಆಕ್ಷೇಪಣೆಯ ಧ್ವನಿಯೂ ಹಾಗೇ ಉಳಿಯುತ್ತದೆ: ‘ಯು ಕುಡ್ ಹ್ಯಾವ್ ಟೋಲ್ಡ್ ಮಿ’. ನನಗೆ ಇಡೀ ಪಾಠದಲ್ಲಿ ಬಹಳ ಹಿಡಿಸಿದ್ದು ಈ ಹೊಂದಾಣಿಕೆ.

ಭವಿಷ್ಯಕ್ಕೆ ‘ವಿಲ್ ಕ್ಯಾನ್’ ಇಲ್ಲ, ‘ವಿಲ್ ಬಿ ಏಬಲ್ ಟು’. ನಾಳೆಯ ಭೇಟಿಯನ್ನು ಈಗಲೇ ಗೊತ್ತುಮಾಡುವಾಗ ಮಾತ್ರ ‘ಐ ಕ್ಯಾನ್ ಮೀಟ್ ಯು ಟುಮಾರೊ’ ಸರಿ. ‘ಇನ್ನೂ ಆಗಿಲ್ಲ’ ಎನ್ನಲು ‘ಹ್ಯಾವಂಟ್ ಬೀನ್ ಏಬಲ್ ಟು’.

ಪ್ರಶ್ನೆ ಕೇಳುವಾಗ ಎಚ್ಚರ. ಪರೀಕ್ಷೆ ಬರೆದು ಬಂದ ಗೆಳತಿಯನ್ನು ‘ಎಲ್ಲಾ ಬರೆಯೋಕೆ ಆಯ್ತಾ?’ ಎಂದು ಕೇಳಬೇಕಾದರೆ ‘ವರ್ ಯು ಏಬಲ್ ಟು ಫಿನಿಶ್?’ ಎನ್ನಿ. ‘ಕುಡ್ ಯು ಫಿನಿಶ್?’ ಎಂದರೆ ‘ಸ್ವಲ್ಪ ಮುಗಿಸ್ತೀರಾ?’ ಎಂಬ ವಿನಂತಿಯ ಹಾಗೆ ಕೇಳಿಸಬಹುದು.