ಮೇಷ್ಟ್ರು ಹೊರಗೆ ಹೋದಾಗ: ಲೀಡರ್‌ಶಿಪ್ ಓದುವ ವಿಷಯವಾದ ಕತೆ

ನಮ್ಮಲ್ಲಿ ಬಹಳ ಜನ ಕಂಡ ಮೊದಲ ನಾಯಕ ಅಂದರೆ ಕ್ಲಾಸ್ ಲೀಡರ್. ಮೇಷ್ಟ್ರು ಹೊರಗೆ ಹೋದ ಕೂಡಲೇ ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುವುದು ಅವನ ಕೆಲಸ. ಜಾಸ್ತಿ ಮಾತಾಡಿದವರ ಹೆಸರಿನ ಮುಂದೆ ಇಂಟು ಮಾರ್ಕು. ಅವನ ದೋಸ್ತಿಗಳ ಹೆಸರು ಮಾತ್ರ ಹೇಗೋ ಅಳಿಸಿಹೋಗಿರುತ್ತಿತ್ತು.

ಮೇಷ್ಟ್ರು ಇಲ್ಲದಾಗ ಏನಾಗುತ್ತದೆ ಅನ್ನುವುದನ್ನೇ ಪ್ರಯೋಗ ಮಾಡಿ ನೋಡಿದವರಿದ್ದಾರೆ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಯಹೂದಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್, 1930ರ ದಶಕದ ಕೊನೆಗೆ ಅಯೋವಾ ವಿಶ್ವವಿದ್ಯಾಲಯದಲ್ಲಿದ್ದ. ಅವನೂ ಅವನ ಜೊತೆಗಾರರಾದ ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಇಬ್ಬರೂ ಹತ್ತು ವರ್ಷದ ಹುಡುಗರನ್ನು ಸೇರಿಸಿ ಐದೈದು ಜನರ ಕ್ಲಬ್ ಮಾಡಿದರು. ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಪ್ರತಿ ಕ್ಲಬ್ಬಿಗೂ ಒಬ್ಬ ದೊಡ್ಡವನು ಲೀಡರ್. ಒಂದು ಸಲ ಅವನು ದರ್ಬಾರು ನಡೆಸಬೇಕು: ಮುಂದಿನ ಹೆಜ್ಜೆ ಏನೆಂದು ಹೇಳುವ ಹಾಗಿಲ್ಲ, ಯಾರು ಯಾರ ಜೊತೆ ಕೂರಬೇಕು ಅನ್ನುವುದೂ ಅವನದೇ ತೀರ್ಮಾನ. ಇನ್ನೊಂದು ಸಲ ಹುಡುಗರ ಜೊತೆ ಕೂತು ಮಾತಾಡಿ, ಎಲ್ಲರೂ ಸೇರಿ ತೀರ್ಮಾನ ಮಾಡಬೇಕು.

ದರ್ಬಾರಿನಲ್ಲಿ ಕೆಲಸವೇನೋ ಜೋರಾಗಿಯೇ ನಡೆಯಿತು. ಲೀಡರ್ ಕೋಣೆಯಿಂದ ಹೊರಗೆ ಹೋದ ಅಂದರೆ ಮುಗೀತು, ಕೆಲಸ ಕುಸಿಯುತ್ತಿತ್ತು. ಕೆಲವು ಗುಂಪಿನ ಹುಡುಗರು ಬೆಕ್ಕಿನ ಹಾಗೆ ಮುದುರಿ ಕೂತರು. ಕೆಲವು ಗುಂಪಿನಲ್ಲಿ ಒಬ್ಬನನ್ನು ಹಿಡಿದು ಎಲ್ಲರೂ ಕಾಡಿದರು. ಮಾತಾಡಿ ತೀರ್ಮಾನ ಮಾಡಿದ ಗುಂಪು ಮಾತ್ರ ಲೀಡರ್ ಹೊರಗೆ ಹೋದರೂ ಕೆಲಸ ಬಿಡಲಿಲ್ಲ. ಮೂರನೆಯ ಬಗೆ ಹುಟ್ಟಿದ್ದು ಆಕಸ್ಮಿಕವಾಗಿ. ವೈಟ್ ಪ್ರಜಾಪ್ರಭುತ್ವ ಅಂದುಕೊಂಡು ನಡೆಸಿದ್ದು ನಿಜಕ್ಕೂ 'ಏನಾದರೂ ಮಾಡ್ಕೊಳ್ಳಿ' ಅನ್ನುವ ಬಗೆಯಾಗಿತ್ತು. ಲೆವಿನ್ ಅದನ್ನು ತಪ್ಪೆಂದು ಬಿಸಾಡಲಿಲ್ಲ, ಬೇರೆಯೇ ಒಂದು ಬಗೆ ಎಂದು ಸೇರಿಸಿಕೊಂಡ.

1939ರಲ್ಲಿ ಪ್ರಕಟವಾದ ಈ ಅಧ್ಯಯನದ ಬಗ್ಗೆ ನನಗೊಂದು ತಕರಾರಿದೆ. ಬೆರಳೆಣಿಕೆಯ ಅಮೆರಿಕನ್ ಹುಡುಗರನ್ನು ನೋಡಿ ಲೋಕದ ಮೇಲೆ ತೀರ್ಪು ಕೊಡಲು ಬರುತ್ತಾ? ಪ್ರಜಾಪ್ರಭುತ್ವ ಗೆಲ್ಲಬೇಕು ಎಂಬ ಆಸೆ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವನಿಗೆ ಇದ್ದೇ ಇರುತ್ತದೆ, ಅಲ್ವಾ? ಆದರೂ ಒಂದು ಮಾತು ಒಪ್ಪಬೇಕು. ಅದಕ್ಕೂ ನೂರು ವರ್ಷ ಹಿಂದೆ, 1840ರಲ್ಲಿ, ಲೇಖಕ ಥಾಮಸ್ ಕಾರ್ಲೈಲ್ ಲಂಡನ್ನಿನಲ್ಲಿ ಉಪನ್ಯಾಸ ಕೊಡುತ್ತ ಚರಿತ್ರೆ ಅಂದರೆ ಮಹಾಪುರುಷರ ಕತೆ ಅಂದಿದ್ದ. 1869ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಪ್ರತಿಭೆ ರಕ್ತದಲ್ಲೇ ಬರುತ್ತದೆ ಅಂತ ವಾದಿಸಿದ್ದ. ಹುಟ್ಟಿನಿಂದಲೇ ಬರುವುದಾದರೆ ಕಲಿಸುವುದಕ್ಕೆ ಏನಿದೆ? ಒಬ್ಬನೇ ಮನುಷ್ಯ ಬೆಳಗ್ಗೆ ದರ್ಬಾರಿನವನಾಗಿ, ಸಂಜೆ ಮಾತು ಕೇಳುವವನಾಗಿ ನಡೆದುಕೊಳ್ಳಬಹುದು ಎಂದು ಲೆವಿನ್ ತೋರಿಸಿದ. ಲೀಡರ್‌ಶಿಪ್ ಪಾಠವಾಗುವ ದಾರಿ ಅಲ್ಲಿಂದ ಸ್ವಲ್ಪ ತೆರೆಯಿತು.

ಆ ದಾರಿಯನ್ನು ಅಗಲ ಮಾಡಿದ್ದು ಯುದ್ಧ. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಮನೆತನ, ಓದಿದ ಶಾಲೆ ನೋಡಿ ಸೇನಾಧಿಕಾರಿಗಳನ್ನು ಆರಿಸುತ್ತಿದ್ದರು. ಹಾಗೆ ಬಂದವರು ತರಬೇತಿಯಲ್ಲೇ ಸೋಲತೊಡಗಿದಾಗ, 1942ರಲ್ಲಿ ಮನೋವೈದ್ಯರನ್ನು ಕರೆದರು. ವಿಲ್ಫ್ರೆಡ್ ಬಿಯಾನ್ ಅವರಲ್ಲೊಬ್ಬ. ಅವನ ಉಪಾಯ ಸರಳ: ಒಂದು ಗುಂಪಿಗೆ ಕಷ್ಟದ ಕೆಲಸ ಕೊಡು, ಲೀಡರ್ ಯಾರೆಂದು ಹೇಳಬೇಡ, ಸುಮ್ನೆ ನೋಡುತ್ತ ನಿಲ್ಲು. ಮರುವರ್ಷವೇ ಈ ಪದ್ಧತಿ ಡೆಹ್ರಾಡೂನಿಗೆ ಬಂತು. ಸೇನೆಯ ಅಧಿಕಾರಿಯಾಗಲು ಇವತ್ತಿಗೂ ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯನ್ನು ಎದುರಿಸಬೇಕು. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಐದು ದಿನ ಅಲ್ಲೇ ಉಳಿಯಬೇಕು. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಅಡ್ಡಿಗಳನ್ನು ದಾಟಿ ಅಂತಾರೆ. ಯಾರು ಕೂಗುತ್ತಾರೆ, ಯಾರು ಇನ್ನೊಬ್ಬರ ಉಪಾಯಕ್ಕೆ ಕೈಜೋಡಿಸುತ್ತಾರೆ ಅನ್ನುವುದನ್ನು ಒಬ್ಬ ಅಧಿಕಾರಿ ಬರೆದುಕೊಳ್ಳುತ್ತಿರುತ್ತಾನೆ. ಈಗ ಅದಕ್ಕೂ ಕೋಚಿಂಗ್ ಕ್ಲಾಸ್ ಇದೆ ಬಿಡಿ.

ಯುದ್ಧ ಮುಗಿಯುತ್ತಿದ್ದಂತೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಶ್ನಾವಳಿ ಹಿಡಿದು ಹೊರಟರು. ಲೀಡರ್‌ಗಳು ಏನೇನು ಮಾಡುತ್ತಾರೆ ಎಂದು ಸುಮಾರು 1,800 ವಾಕ್ಯ ಕೂಡಿಸಿ, ಸೋಸಿ 150ಕ್ಕೆ ಇಳಿಸಿದರು. ಕೊನೆಗೆ ಉಳಿದದ್ದು ಎರಡೇ ಗುಣ. ಒಂದು, ಕೆಲಸವನ್ನು ಕಟ್ಟುನಿಟ್ಟಾಗಿ ಹಂಚಿ ಮಾಡಿಸುವುದು. ಇನ್ನೊಂದು, ಕೈಕೆಳಗಿನವರ ಕಷ್ಟಸುಖ ವಿಚಾರಿಸುವುದು. ಬಾಂಬರ್ ವಿಮಾನಗಳ ಸಿಬ್ಬಂದಿಯನ್ನು ಕೇಳಿದಾಗ ಒಂದು ಮಜಾ ಕಂಡಿತು. ವಿಮಾನದ ಕಮಾಂಡರ್‌ಗಳಲ್ಲಿ ಮೇಲಧಿಕಾರಿಗಳಿಗೆ ಇಷ್ಟವಾದವರು ಕಟ್ಟುನಿಟ್ಟಿನವರು, ಸಿಬ್ಬಂದಿಗೆ ಇಷ್ಟವಾದವರು ಕಷ್ಟಸುಖ ಕೇಳುವವರು. ಅಂದರೆ ಒಳ್ಳೆಯ ಲೀಡರ್ ಯಾರು ಅನ್ನುವುದು ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿತು. ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸ ವಿಷಯವಲ್ಲ.

1948ರಲ್ಲಿ ಅದೇ ಓಹಾಯೋ ಸ್ಟೇಟಿನ ರಾಲ್ಫ್ ಸ್ಟಾಗ್‌ಡಿಲ್ ಅದುವರೆಗಿನ 124 ಅಧ್ಯಯನಗಳನ್ನು ತಿರುವಿಹಾಕಿದ. ಬರೀ ಹುಟ್ಟುಗುಣದಿಂದ ಯಾರೂ ನಾಯಕರಾಗುವುದಿಲ್ಲ, ಸಂದರ್ಭವೂ ಸೇರಬೇಕು ಎಂದ. ಕಾರ್ಲೈಲನ ಕತೆಗೆ ಅದು ದೊಡ್ಡ ಪೆಟ್ಟು.

ಅಲ್ಲಿಯವರೆಗೆ ಇದು ಹೆಚ್ಚಾಗಿ ಮನಶ್ಶಾಸ್ತ್ರದವರ ಹೊಲ. ಬೇರೆ ಕಡೆಯಿಂದ ಬೇಲಿ ಹಾರಿ ಬಂದವನು ರಾಜ್ಯಶಾಸ್ತ್ರದ ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್. ಅಧ್ಯಕ್ಷ ರೂಸ್‌ವೆಲ್ಟ್ ಬಗ್ಗೆ ಬರೆದು ಪುಲಿಟ್ಜರ್ ಪಡೆದವನು. 1978ರಲ್ಲಿ ಅವನು ಎರಡು ಬಗೆಯ ನಾಯಕತ್ವವನ್ನು ಬೇರೆ ಮಾಡಿ ತೋರಿಸಿದ. ಒಂದು ಕೊಟ್ಟುತೆಗೆದುಕೊಳ್ಳುವುದು: ನೀನು ಓಟು ಹಾಕು, ನಾನು ರಸ್ತೆ ಮಾಡಿಸ್ತೀನಿ. ಇನ್ನೊಂದರಲ್ಲಿ ನಾಯಕನೂ ಜನರೂ ಒಬ್ಬರನ್ನೊಬ್ಬರು ಮೇಲಕ್ಕೆ ಎತ್ತುತ್ತಾರೆ. ಅದಕ್ಕೆ ಅವನು ಕೊಟ್ಟ ಉದಾಹರಣೆಗಳಲ್ಲಿ ಗಾಂಧೀಜಿ ಇದ್ದರು. ಏಳು ವರ್ಷದ ನಂತರ ಬರ್ನಾರ್ಡ್ ಬಾಸ್ ಎಂಬ ಮನಶ್ಶಾಸ್ತ್ರಜ್ಞ ಇದೇ ವಿಚಾರವನ್ನು ಕಂಪನಿಗಳಿಗೆ ತಂದ, ಅಂಕ ಹಾಕುವ ಪ್ರಶ್ನಾವಳಿ ಮಾಡಿದ. ಗಾಂಧಿಯಿಂದ ಶುರುವಾದ ಮಾತು ಮ್ಯಾನೇಜರ್‌ಗಳ ಸ್ಕೋರಿಗೆ ಬಂದು ನಿಂತಿತು. ನನಗೆ ಅನಿಸುವುದು, ಈ ವಿಷಯದಲ್ಲಿ ಬಿಸಿನೆಸ್ ಶಾಲೆಗಳ ದನಿ ಉಳಿದೆಲ್ಲವನ್ನು ಮುಚ್ಚಿದ್ದು ಆಗಿನಿಂದಲೇ.

ಅದಕ್ಕೆ ಒಂದು ಬೇರೆ ಉತ್ತರ ಬಂದದ್ದು ವರ್ಜೀನಿಯಾದ ರಿಚ್ಮಂಡ್ ವಿಶ್ವವಿದ್ಯಾಲಯದಿಂದ. ಹಳೆಯ ವಿದ್ಯಾರ್ಥಿ ರಾಬರ್ಟ್ ಜೆಪ್ಸನ್ 1987ರಲ್ಲಿ ಎರಡು ಕೋಟಿ ಡಾಲರ್ ಕೊಡುವುದಾಗಿ ಹೇಳಿದ. 1992ರಲ್ಲಿ ಬರೀ ನಾಯಕತ್ವದ ಅಧ್ಯಯನಕ್ಕೆಂದೇ ಒಂದು ಪದವಿ ಶಾಲೆ ಬಾಗಿಲು ತೆರೆಯಿತು. ಅಂಥದ್ದು ಅದೇ ಮೊದಲು. ಅಲ್ಲಿ ಪಾಠ ಮಾಡುವವರು ತತ್ವಶಾಸ್ತ್ರ, ಚರಿತ್ರೆ, ಅರ್ಥಶಾಸ್ತ್ರ, ಮನಶ್ಶಾಸ್ತ್ರದವರು. ಅಲ್ಲಿದ್ದ ತತ್ವಶಾಸ್ತ್ರಜ್ಞೆ ಜೊಆನ್ ಸಿಯುಲಾ ಎತ್ತಿದ 'ಹಿಟ್ಲರ್ ಸಮಸ್ಯೆ' ಹೀಗಿದೆ: ಹಿಟ್ಲರ್ ನಾಯಕನೋ ಅಲ್ಲವೋ? ಜನರನ್ನು ಹಿಂದೆ ಕರೆದೊಯ್ದದ್ದು ನೋಡಿದರೆ ಹೌದು. ಬರ್ನ್ಸ್‌ನನ್ನು ಕೇಳಿದರೆ ಅಲ್ಲ, ಬರೀ ಸರ್ವಾಧಿಕಾರಿ. ಸಿಯುಲಾ ಪ್ರಶ್ನೆಯನ್ನೇ ತಿರುಗಿಸಿದರು. ನಾಯಕ ಯಾರು ಅನ್ನುವುದನ್ನು ಬಿಡಿ, ಒಳ್ಳೆಯ ನಾಯಕತ್ವ ಅಂದರೇನು ಅದನ್ನು ಕೇಳಿ ಎಂದರು. 1,800 ವಾಕ್ಯ ಸೋಸಿ ಮಾಡಿದ ಯಾವ ಪ್ರಶ್ನಾವಳಿಯೂ ಇಲ್ಲಿಗೆ ತಂದು ಬಿಡುತ್ತಿರಲಿಲ್ಲ.

ನಮ್ಮ ದೇಶದ ಉತ್ತರ? ಪಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ. ಪಿ. ಸಿನ್ಹಾ 1980ರಲ್ಲಿ ಒಂದು ಮಾದರಿ ಮುಂದಿಟ್ಟರು. ನಮ್ಮ ನೌಕರ ಬಯಸುವುದು ಅಕ್ಕರೆಯಿಂದ ನೋಡಿಕೊಳ್ಳುವ ಮೇಲಧಿಕಾರಿಯನ್ನು. ಆದರೆ ಆ ಅಕ್ಕರೆ ಪುಕ್ಕಟೆ ಸಿಗಬಾರದು, ಕೆಲಸ ಮಾಡಿದವನಿಗೆ ಸಿಗಬೇಕು. ಅವನು ಪಳಗಿದ ಮೇಲೆ ಮೆಲ್ಲಗೆ ಜವಾಬ್ದಾರಿ ಬಿಟ್ಟುಕೊಡಬೇಕು. ಅಯೋವಾದ ಮೂರು ಬಗೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಇನ್ನೂ ಹಿಂದಿನದು ನಮ್ಮ ಮೈಸೂರು ಸೀಮೆಯದು. 1948ರಲ್ಲಿ, ಸ್ಟಾಗ್‌ಡಿಲ್ ಲೆಕ್ಕ ಒಪ್ಪಿಸಿದ ವರ್ಷವೇ, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ಹೋಗಿ ಉಳಿದರು. ಬರೆಯುವಾಗ ಊರಿಗೆ ರಾಂಪುರ ಎಂದು ಹೆಸರಿಟ್ಟರು. ಲೀಡರ್‌ಶಿಪ್ ಅಧ್ಯಯನ ಮಾಡಲು ಹೋದವರಲ್ಲ ಅವರು, ಹಳ್ಳಿ ಹೇಗೆ ಬದುಕುತ್ತದೆ ಎಂದು ನೋಡಲು ಹೋದವರು. ಒಕ್ಕಲಿಗ ಹಿರಿಯರ ಹತ್ತಿರ ಬೇರೆ ಜಾತಿಯವರೂ ತಮ್ಮ ಜಗಳ ತರುತ್ತಿದ್ದರು. ನ್ಯಾಯ ಹೇಳುವಾಗ ಹಿರಿಯರು ತಮ್ಮ ಜಾತಿಯ ಕಟ್ಟಳೆ ಹೇರುತ್ತಿರಲಿಲ್ಲ, ಬಂದವರ ಜಾತಿಯ ಕಟ್ಟಳೆ ನೋಡಿಯೇ ಹೇಳುತ್ತಿದ್ದರು. ಆ ಯಜಮಾನಿಕೆ ನಿಂತಿದ್ದು ಜಮೀನು ಮತ್ತು ತಲೆ ಎಣಿಕೆಯ ಮೇಲೆ ಅನ್ನುವುದನ್ನೂ ಶ್ರೀನಿವಾಸ್ ಮುಚ್ಚಿಡಲಿಲ್ಲ. ಗೌಡರ ಗತ್ತು ಅವರ ಗುಣದಲ್ಲಿತ್ತೋ ಗದ್ದೆಯಲ್ಲಿತ್ತೋ ಎಂಬ ಪ್ರಶ್ನೆ ಅಲ್ಲಿ ಎದ್ದು ಕಾಣುತ್ತದೆ. ಇದನ್ನೆಲ್ಲ ಬರೆದ, 1959ರಲ್ಲಿ ಅಚ್ಚಾದ ಅವರ ಲೇಖನವನ್ನು ಸಮಾಜಶಾಸ್ತ್ರದ ಹುಡುಗರು ಇವತ್ತಿಗೂ ಓದುತ್ತಾರೆ. ಅದೇ ಕ್ಯಾಂಪಸ್ಸಿನ ಎಂಬಿಎ ಹುಡುಗರು ಓದುವುದು ಅಯೋವಾದ ಮುಖವಾಡ ಮತ್ತು ಓಹಾಯೋದ ಬಾಂಬರ್.