ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತಾ? ಕಿವಿ ತೋರಿಸಿ

ಪ್ರಶ್ನೆ: ನನಗೆ 54 ವರ್ಷ. ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಇಡೀ ರೂಮು ಗಿರಗಿರ ತಿರುಗುತ್ತೆ. ಅರ್ಧ ನಿಮಿಷಕ್ಕೆ ನಿಲ್ಲುತ್ತೆ. ಬಿಪಿ, ಶುಗರ್ ಸರಿಯಾಗಿದೆ. ಒಂದು ತಿಂಗಳಿಂದ ತಲೆಸುತ್ತಿನ ಮಾತ್ರೆ ನುಂಗುತ್ತಿದ್ದೇನೆ, ಕಮ್ಮಿಯಾಗಿಲ್ಲ. ಏನಿದು?

ನೀವು ಬರೆದಿದ್ದರಲ್ಲಿ ಎರಡು ಮಾತು ಮುಖ್ಯ. ಒಂದು 'ಹೊರಳಿದರೆ', ಇನ್ನೊಂದು 'ಅರ್ಧ ನಿಮಿಷ'. ಇವೆರಡೂ ಜೊತೆಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಒಳಕಿವಿಯ ಮೇಲೆ. ಡಾಕ್ಟರುಗಳು ಇದನ್ನು ಬಿಪಿಪಿವಿ ಅನ್ನುತ್ತಾರೆ, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬಂದು ಹೋಗುವ ತಲೆಸುತ್ತು. ಅಟ್ಟದ ಡಬ್ಬ ತೆಗೆಯಲು ಕತ್ತೆತ್ತಿದಾಗ, ರಂಗೋಲಿ ಹಾಕಲು ಬಗ್ಗಿದಾಗಲೂ ಹೀಗಾಗುತ್ತದೆ. ಆದರೆ ನಮ್ಮ ಕಡೆ ತಲೆ ಸುತ್ತಿದರೆ ಪಿತ್ತ ಅಂತಾರೆ, ಬಿಪಿ ಲೋ ಅಂತಾರೆ, ಅದೂ ಅಲ್ಲ ಅಂದರೆ ಕತ್ತಿನ ಮೂಳೆ ಸವೆದಿದೆ ಅಂತಾರೆ, ಕಿವಿಯ ಹೆಸರು ಬರುವುದು ಕೊನೆಗೆ. ನಮ್ಮಮ್ಮ ಇದೇ ತೊಂದರೆಗೆ ಎರಡು ತಿಂಗಳು ಕತ್ತಿಗೆ ಪಟ್ಟಿ ಹಾಕಿಕೊಂಡು ಓಡಾಡಿದರು. ಬೆವರಿದ್ದೇ ಬಂತು.

ಒಳಕಿವಿಯ ಒಂದು ಪುಟ್ಟ ಚೀಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ಮೊಟ್ಟೆ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಇಲ್ಲೂ ಇರುವುದು. ಪಕ್ಕದಲ್ಲಿ ನೀರಿನಂಥ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳು. ತಲೆ ಯಾವ ಕಡೆ ತಿರುಗಿತು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅವು. ಹರಳು ಜಾಗ ಬಿಟ್ಟು ಕೊಳವೆಗೆ ಜಾರಿತು ಅಂದುಕೊಳ್ಳಿ. ನೀವು ಹೊರಳಿ ಸುಮ್ನೆ ಮಲಗಿದ್ದರೂ ಅದು ಇನ್ನೂ ಕೆಳಗೆ ಜಾರುತ್ತಾ ದ್ರವವನ್ನು ಎಳೆಯುತ್ತಿರುತ್ತದೆ, ಮಿದುಳು ತಲೆ ತಿರುಗುತ್ತಲೇ ಇದೆ ಅಂತ ನಂಬುತ್ತದೆ. ಹರಳು ತಳ ಸೇರಿತೋ, ಸುತ್ತು ನಿಂತಿತು. ವಯಸ್ಸು, ತಲೆಗೆ ಬಿದ್ದ ಪೆಟ್ಟು, ಬಹಳ ದಿನ ಹಾಸಿಗೆ ಹಿಡಿದದ್ದು, ಇವೆಲ್ಲ ಕಾರಣ ಇರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ.

ಇಷ್ಟು ಗೊತ್ತಾದರೆ ನಿಮ್ಮ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದೂ ತಿಳಿಯಿತು, ಅಲ್ವಾ? ಮಾತ್ರೆ ವಾಕರಿಕೆ ತಗ್ಗಿಸಬಹುದು, ಹರಳನ್ನು ಅಲ್ಲಿಂದ ಎಬ್ಬಿಸುವುದಿಲ್ಲ.

ಪತ್ತೆಗೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಾಗಿಲ್ಲ, ಮಂಚ ಸಾಕು. ಇಎನ್‌ಟಿ ಡಾಕ್ಟರು ಅಮ್ಮನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿಗಿಂತ ಸ್ವಲ್ಪ ಕೆಳಕ್ಕೆ. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ಪಟಪಟ ಅಂತ ಸುತ್ತಿ ಸುತ್ತಿ ಎಳೆದುಕೊಳ್ಳತೊಡಗಿದವು, ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬಿಬ್ಬರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಯಾವ ಕಿವಿ ಕೆಳಗಿದ್ದಾಗ ಕಣ್ಣು ಹೀಗೆ ಆಡುತ್ತದೋ ಸಾಮಾನ್ಯವಾಗಿ ತೊಂದರೆ ಆ ಕಿವಿಯದು.

ಚಿಕಿತ್ಸೆ ಅಲ್ಲಿಂದಲೇ ಮುಂದುವರಿಯುತ್ತದೆ. ತೊಂದರೆ ಬಲಗಿವಿಯದಾದರೆ ತಲೆಯನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸುತ್ತಾರೆ, ಆಮೇಲೆ ಎಡ ಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವ ಹಾಗೆ ಮಾಡುತ್ತಾರೆ, ಪ್ರತಿ ಭಂಗಿಯಲ್ಲೂ ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಹರಳು ಉರುಳಿ ಉರುಳಿ ತನ್ನ ಚೀಲಕ್ಕೆ ವಾಪಸ್. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಹತ್ತು ನಿಮಿಷವೂ ಬೇಡ. ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣ.

ವಿಡಿಯೋ ನೋಡಿ ಮನೆಯಲ್ಲೇ ಮಾಡಬಹುದಾ ಅಂತ ಕೇಳುತ್ತೀರಿ. ಮೊದಲ ಸಲ ಬೇಡ. ಯಾವ ಕಿವಿ, ಯಾವ ಕೊಳವೆ ಅನ್ನುವುದರ ಮೇಲೆ ಹೊರಳಿಸುವ ರೀತಿಯೇ ಬದಲಾಗುತ್ತದೆ. ಕತ್ತಿನ ತೊಂದರೆ ಇದ್ದರಂತೂ ಸ್ವಂತ ಪ್ರಯೋಗ ಬೇಡವೇ ಬೇಡ.

ಸುತ್ತು ಗಂಟೆಗಟ್ಟಲೆ ಇದ್ದರೆ, ಜೊತೆಗೆ ಕಿವಿ ಸರಿಯಾಗಿ ಕೇಳಿಸದೆ ಗುಂಯ್‌ಗುಡುತ್ತಿದ್ದರೆ ಅದು ಬೇರೆ ಕಾಯಿಲೆ. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಇಎನ್‌ಟಿ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಪಾರ್ಶ್ವವಾಯು ಇರಬಹುದು, ಸೀದಾ ಎಮರ್ಜೆನ್ಸಿಗೆ ಹೋಗಿ.

ಇದು ಮತ್ತೆ ಬರುವುದುಂಟು. ಅಮ್ಮನಿಗೆ ಒಂದೂವರೆ ವರ್ಷಕ್ಕೆ ಬಂತು. ಈ ಸಲ ಅವರೇ ಡಾಕ್ಟರ ಮುಂದೆ ಕೂತ ತಕ್ಷಣ, "ಎಡಕ್ಕೆ ಹೊರಳಿದ್ರೆ ಬರುತ್ತೆ ಡಾಕ್ಟ್ರೇ, ಬಲಕ್ಕಲ್ಲ" ಅಂದರು. ನೀವೂ ಮೊದಲು ಯಾವ ಕಡೆ ಹೊರಳಿದರೆ ಅನ್ನುವುದನ್ನೇ ಹೇಳಿ.